ಫ್ಲೆಮಿಂಗೊ ಕಲಿಸಿದ ಲೆಕ್ಕ

ಐರೋಲಿಯ ಐಟಿ ಕಚೇರಿಗಳ ಮಗ್ಗುಲಲ್ಲೇ ಥಾಣೆ ಖಾಡಿ. ಚಳಿಗಾಲದಲ್ಲಿ ಅದರ ಕೆಸರಿನ ತುಂಬ ಫ್ಲೆಮಿಂಗೊಗಳು. 2015ರಲ್ಲಿ ಅಭಯಾರಣ್ಯವಾದ ಇದು 2022ರಲ್ಲಿ ರಾಮ್ಸರ್ ಪಟ್ಟಿ ಸೇರಿತು. ಇಲ್ಲಿನ ಜೀವವೈವಿಧ್ಯ ಕೇಂದ್ರದವರು ಉಬ್ಬರ-ಇಳಿತ ನೋಡಿ ಪ್ರವಾಸಿಗರಿಗೆ ದೋಣಿ ಬಿಡುತ್ತಾರೆ. ನಿಯಮ ಮೊದಲು, ವ್ಯಾಪಾರ ಆಮೇಲೆ.

ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಆದದ್ದು ತಿರುವುಮುರುವು. ಹಂಪಿ 1986ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಪಕ್ಕದ ತುಂಗಭದ್ರೆಯ ನಡುಗಡ್ಡೆ ವಿರೂಪಾಪುರ ಗಡ್ಡೆಯಲ್ಲಿ ಅನಧಿಕೃತ ರೆಸಾರ್ಟ್‌ಗಳೆದ್ದವು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಂತೆ ಅವು ನೆಲಸಮವಾದವು; ಅಲ್ಲಿ ದುಡಿಯುತ್ತಿದ್ದವರ ಕೂಲಿಯೂ ಹೋಯಿತು.

371-ಜೆ ನಮ್ಮ ಭಾಗಕ್ಕೆ ಸೀಟು, ಸರ್ಕಾರಿ ನೌಕರಿಯಲ್ಲಿ ಮೀಸಲು ಕೊಟ್ಟಿದೆ. ಆದರೂ ಓದಿದವರು ನನ್ನಂತೆ ಊರು ಬಿಡುತ್ತಲೇ ಇದ್ದೇವೆ. ಆನೆಗುಂದಿ, ಅಂಜನಾದ್ರಿಗೆ ಬರುವವರಿಗೆ ಊರವರೇ ತಮ್ಮ ಮನೆಗಳಲ್ಲಿ ಊಟ-ವಸತಿ ಕೊಡಲು ಸ್ಪಷ್ಟ ನಿಯಮ, ಸುಲಭ ಪರವಾನಗಿ ಬೇಕು. ಆಗ ಪ್ರವಾಸಿಗರ ದುಡ್ಡು ಊರಲ್ಲೇ ಉಳಿದೀತು, ಹುಡುಗರೂ ಉಳಿದಾರು.