ಹಗಲು ತಿಳಿ, ಇರುಳು ಬಗ್ಗಡ

ಇಂಗ್ಲೆಂಡಿನ ನಾರ್ಥಾಂಪ್ಟನ್ ಪಟ್ಟಣದ ಸಮೀಪದಲ್ಲಿ ನೆನ್ ನದಿಯನ್ನು ಸೇರುವ ಒಂದು ಚಿಕ್ಕ ಹೊಳೆಯುಂಟು. ಬ್ರಾಂಪ್ಟನ್ ಕವಲು ಎಂದು ಅದರ ಹೆಸರು. ಈ ಹೊಳೆಯ ವಿಚಿತ್ರ ನಡತೆಯೊಂದು ಲಫ್‌ಬರೊ ವಿಶ್ವವಿದ್ಯಾನಿಲಯದ ಸಂಶೋಧಕರ ಗಮನಕ್ಕೆ ಬಂದಿತು. ಮಳೆಯಿಲ್ಲದ ದಿನಗಳಲ್ಲಿ ಹಗಲೆಲ್ಲ ತಕ್ಕಮಟ್ಟಿಗೆ ತಿಳಿಯಾಗಿರುವ ನೀರು ಕತ್ತಲಾದೊಡನೆ ಬಗ್ಗಡವಾಗತೊಡಗುತ್ತದೆ. ಬೆಳಗಾದ ಮೇಲೆ ಮತ್ತೆ ತಿಳಿಯಾಗುತ್ತದೆ. ಮಳೆ ಬಂದು ಮಣ್ಣು ಕೊಚ್ಚಿತೆನ್ನೋಣವೆಂದರೆ ಮಳೆಯೇ ಇಲ್ಲ. ದನಕರುಗಳು ಇಳಿದು ಕಲಕಿದುವೆನ್ನೋಣವೆಂದರೆ ಅವು ನೀರಿಗಿಳಿಯುವುದು ಹಗಲಿನಲ್ಲಿ. ನೀರಿನ ಮಟ್ಟವೂ ಏರಿಲ್ಲ, ಸೆಳೆತವೂ ಹೆಚ್ಚಿಲ್ಲ. ಹಾಗಾದರೆ ಇರುಳಿನಲ್ಲಿ ಬಂದು ಹೊಳೆಯನ್ನು ಕಲಕುವವರು ಯಾರು?

ಕಲಕುವುದು ಮುಕ್ಕಾಲು ಗೇಣುದ್ದದ ಒಂದು ಜಲಚರ. ಸಿಗ್ನಲ್ ಕ್ರೇಫಿಶ್ ಎಂದು ಅದಕ್ಕೆ ಹೆಸರು. ಹೆಸರಿನಲ್ಲಿ ಫಿಶ್ ಎಂದಿದ್ದರೂ ಅದು ಮೀನಲ್ಲ. ಮೈಯಲ್ಲಿ ಸಿಗಡಿಯ ಹತ್ತಿರದ ನೆಂಟ. ಮುಂಗಾಲುಗಳಲ್ಲಿ ಮಾತ್ರ ಏಡಿಯಂಥ ಬಲವಾದ ಇಕ್ಕಳಗಳು. ಆ ಇಕ್ಕಳದ ಕೀಲಿನ ಬಳಿ ಬಿಳಿಯ ಮಚ್ಚೆಯೊಂದಿದೆ. ಹಿಂದೆ ರೈಲ್ವೆಯ ಸಿಗ್ನಲ್ ನೌಕರರು ಹಿಡಿಯುತ್ತಿದ್ದ ಬಾವುಟವನ್ನು ಅದು ನೆನಪಿಗೆ ತಂದುದರಿಂದ ಈ ಹೆಸರು ಬಂದಿತಂತೆ. ಹಗಲೆಲ್ಲ ಬಿಲದಲ್ಲಿಯೋ ಕಲ್ಲಿನ ಅಡಿಯಲ್ಲಿಯೋ ಅಡಗಿದ್ದು, ಇರುಳಾದೊಡನೆ ಹೊರಬಿದ್ದು, ತಳವನ್ನು ಕೆದಕಿ ಆಹಾರ ಹುಡುಕುವುದು, ಒಂದರೊಡನೊಂದು ಕಾದಾಡುವುದು, ಬಿಲವನ್ನು ತೋಡಿ ಮಣ್ಣನ್ನು ಹೊರದೂಡುವುದು ಅದರ ದಿನಚರಿ. ಬ್ರಾಂಪ್ಟನ್ ಕವಲಿನಲ್ಲಿ, ನೆರೆಯಿಲ್ಲದ ಕಾಲದಲ್ಲಿ ಒಂದು ತಿಂಗಳು ತೇಲಿ ಸಾಗಿದ ಹೂಳಿನೊಳಗೆ ನೂರಕ್ಕೆ 32 ಪಾಲಿಗೆ ಕಡಿಮೆಯಿಲ್ಲದಷ್ಟು ಇದರ ಕೈವಾಡವೆಂದು ಸಂಶೋಧಕರು 2016ರಲ್ಲಿ ಪ್ರಕಟಿಸಿದರು.

ಈ ಪ್ರಾಣಿ ಇಂಗ್ಲೆಂಡಿನದಲ್ಲ. ಉತ್ತರ ಅಮೆರಿಕದ ಪಶ್ಚಿಮ ಭಾಗದ ಹೊಳೆ ಕೆರೆಗಳು ಅದರ ತವರು. ಅದು ಅಟ್ಲಾಂಟಿಕ್ ಸಾಗರವನ್ನು ದಾಟಿ ಬಂದ ಕಥೆಯನ್ನು ಕೇಳಿದರೆ ಮನುಷ್ಯನ ನಾಲಗೆಯ ಚಾಪಲ್ಯ ಎಲ್ಲಿಂದೆಲ್ಲಿಗೆ ಒಯ್ಯುತ್ತದೆಂಬುದು ತಿಳಿದೀತು. ಸ್ವೀಡನ್ ದೇಶದವರಿಗೆ ಕ್ರೇಫಿಶ್ ಎಂದರೆ ಪ್ರಾಣ. ಆಗಸ್ಟ್ ತಿಂಗಳಿನಲ್ಲಿ ಅದನ್ನು ಬೇಯಿಸಿ ಬಂಧುಮಿತ್ರರೊಡನೆ ತಿಂದು ನಲಿಯುವುದು ಅಲ್ಲಿ ಹಬ್ಬದಷ್ಟೇ ಮುಖ್ಯ. 1907ರಲ್ಲಿ ಆ ದೇಶಕ್ಕೆ ಕ್ರೇಫಿಶ್ ಪಿಡುಗೆಂಬ ರೋಗ ಕಾಲಿಟ್ಟು, ಅಲ್ಲಿನ ಸ್ವಂತ ತಳಿ ಒಂದೊಂದೇ ಕೆರೆಯಲ್ಲಿ ನಿರ್ನಾಮವಾಗುತ್ತ ಬಂದಿತು. ರೋಗಕ್ಕೆ ಜಗ್ಗದ ತಳಿ ಬೇಕೆಂದು 1960ರ ಸುಮಾರಿಗೆ ಕ್ಯಾಲಿಫೋರ್ನಿಯದಿಂದ ಈ ಸಿಗ್ನಲ್ ಕ್ರೇಫಿಶನ್ನು ತರಿಸಿದರು. ಸ್ವೀಡನ್ನಿನಿಂದ 1976ರಲ್ಲಿ ಅದರ ಮರಿಗಳು ಬ್ರಿಟನ್ನಿಗೆ ಬಂದವು. ಕೊಳದಲ್ಲಿ ಸಾಕಿ ಮಾರಿದರೆ ರೈತನಿಗೆ ನಾಲ್ಕು ಕಾಸು ಹೆಚ್ಚಿಗೆ ಸಿಕ್ಕೀತೆಂಬ ಆಸೆ. ಸರಕಾರದ ಪ್ರೋತ್ಸಾಹವೂ ಇತ್ತು. ಅಂದು ಅದನ್ನು ತಂದವರನ್ನು ಇಂದು ದೂರುವುದು ಸುಲಭ. ತವರಿನಲ್ಲಿ ಈ ಪ್ರಾಣಿಗೆ ಬಿಲ ತೋಡುವ ಜಾತಿಯೆಂಬ ಹೆಸರೇ ಇರಲಿಲ್ಲವೆಂಬುದನ್ನೂ ನೆನೆಯಬೇಕು.

ಕೊಳಕ್ಕೆ ಬೇಲಿ ಹಾಕಬಹುದು, ಕ್ರೇಫಿಶಿಗೆ ಹಾಕುವುದು ಹೇಗೆ? ನೀರಿನಿಂದ ಹೊರಗೆ ಬಹಳ ಹೊತ್ತು ಬದುಕಿರಬಲ್ಲ ಪ್ರಾಣಿಯದು. ತೇವದ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ನಡೆದು ಸಮೀಪದ ಹೊಳೆಯನ್ನು ಸೇರಿತು. ಹೆಣ್ಣೊಂದು ಒಂದು ಸಲಕ್ಕೆ 200ರಿಂದ 400 ಮೊಟ್ಟೆಗಳನ್ನು ಹೊರುತ್ತದೆ. ಇಂಗ್ಲೆಂಡಿನ ನದಿಗಳಿಗಾದರೋ ಹಲವೆಡೆ ಮೆತ್ತನೆಯ ಜೇಡಿಮಣ್ಣಿನ ಕಡಿದಾದ ದಂಡೆಗಳು. ಕಲ್ಲಿನ ಮರೆ ದೊರೆಯದ ಕಡೆ ಅದು ಮಣ್ಣನ್ನೇ ಕೊರೆಯತೊಡಗಿತು. ಗ್ರೇಟ್ ಊಸ್ ನದಿಯಲ್ಲಿ 1990ರ ದಶಕದಲ್ಲಿ ಎಣಿಸಿ ನೋಡಿದಾಗ ಕೆಲವೆಡೆ ಒಂದು ಮೀಟರ್ ದಂಡೆಯಲ್ಲಿ ಸುಮಾರು 20 ಬಿಲಗಳಿದ್ದವು.

ಗದ್ದೆಯ ಬದುವಿನಲ್ಲಿ ಏಡಿ ತೂತು ಕೊರೆದು ನೀರೆಲ್ಲ ಕೆಳಗಣ ಗದ್ದೆಗೆ ಸೋರಿಹೋದುದನ್ನು ಕಂಡ ಮಲೆನಾಡಿನ ರೈತನಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಬಿಲಗಳು ಬಹುಮಟ್ಟಿಗೆ ನೀರಿನ ಅಂಚಿನಲ್ಲಿ, ದಂಡೆಯ ಬುಡದಲ್ಲಿಯೇ ಇರುತ್ತವೆ. ಒಳಗೊಳಗೇ ಟೊಳ್ಳಾದ ದಂಡೆ ಮೇಲಿನ ಭಾರವನ್ನು ತಾಳಲಾರದು. ಮಳೆಗಾಲದ ನೀರು ಏರಿ ಬಿಲಗಳಲ್ಲಿ ತುಂಬಿ, ಮಣ್ಣನ್ನು ನೆನೆಸಿ, ಮತ್ತೆ ಇಳಿದಾಗ ದಂಡೆ ಗೆಡ್ಡೆ ಗೆಡ್ಡೆಯಾಗಿ ಕುಸಿದುಬೀಳುತ್ತದೆ. ಬಿಲ ತೋಡುವಾಗ ಕ್ರೇಫಿಶ್ ಹೊರಹಾಕುವ ಮಣ್ಣು ಅಲ್ಪವೇ. ಆಮೇಲೆ ಕುಸಿಯುವ ದಂಡೆಯ ಮಣ್ಣು ಅದರ ಎಷ್ಟೋ ಪಾಲು. ಹುಲ್ಲುಗಾವಲಿನ ಒಡೆಯನಿಗೆ ಇದು ನೆಲದ ನಷ್ಟ. ಬೇಲಿಯ ಕಂಬಗಳನ್ನು ಹಿಂದೆ ಹಿಂದೆ ಸರಿಸಿ ನೆಡಬೇಕು. ಹೊಳೆ ಅಗಲವಾಗುತ್ತದೆ, ಆಳ ಕಡಿಮೆಯಾಗುತ್ತದೆ.

ಹೊಳೆಯ ತಳದಲ್ಲಿಯೂ ಇದೇ ಕಥೆ. ಹರಿಯುವ ನೀರು ಜಲ್ಲಿಕಲ್ಲುಗಳನ್ನು ಬಹುಕಾಲ ತಟ್ಟಿ ತಟ್ಟಿ ಒಂದಕ್ಕೊಂದು ಒತ್ತಾಗಿ ಕೂರಿಸಿರುತ್ತದೆ. ಅಂಥ ತಳ ಸಾಮಾನ್ಯ ಸೆಳೆತಕ್ಕೆ ಜಗ್ಗದು. ಲಫ್‌ಬರೊದಲ್ಲಿ ಕೃತಕ ಕಾಲುವೆ ಮಾಡಿ, ಜಲ್ಲಿ ಹಾಸಿ, ಕ್ರೇಫಿಶ್‌ಗಳನ್ನು ಬಿಟ್ಟು ನೋಡಿದರು. ಕೆಲವೇ ಗಂಟೆಗಳಲ್ಲಿ ಅವು ಕಲ್ಲುಗಳನ್ನು ಹೊರಳಿಸಿ, ಒಂದೆಡೆ ಗುಳಿ, ಒಂದೆಡೆ ಗುಪ್ಪೆ ಮಾಡಿಬಿಟ್ಟವು. ಬಳಿಕ ನೀರು ರಭಸದಿಂದ ಹರಿದಾಗ, ಕ್ರೇಫಿಶ್ ತುಳಿಯದ ತಳಕ್ಕಿಂತ ಹೆಚ್ಚು ಕಲ್ಲುಗಳು ಉರುಳಿಹೋದವು.

ಪ್ರವಾಹದ ಮುಂದೆ ಕ್ರೇಫಿಶಿನದು ಯಾವ ಲೆಕ್ಕವೆಂದು ಓದುಗರು ಕೇಳಬಹುದು. ಮಾತು ನ್ಯಾಯವಾದದ್ದೇ. ವರ್ಷದ ಹೂಳಿನ ದೊಡ್ಡ ಪಾಲನ್ನು ಹೊರುವುದು ನೆರೆ. ಆದರೆ ನೆರೆ ಬರುವುದು ವರ್ಷಕ್ಕೆ ಕೆಲವು ದಿನ. ನಡುಚಳಿಗಾಲವೊಂದನ್ನು ಬಿಟ್ಟರೆ ಈ ಪ್ರಾಣಿಯ ದುಡಿಮೆ ನಿತ್ಯದ್ದು. ಬೇಸಗೆಯಲ್ಲಿ, ಹೊಳೆ ಸೊರಗಿ ಹರಿಯುವಾಗ, ಅದು ಎಬ್ಬಿಸಿದ ನುಣುಪು ಮಣ್ಣನ್ನು ದೂರ ಒಯ್ಯುವ ಶಕ್ತಿ ನೀರಿಗಿಲ್ಲ. ಅದು ತಳದ ಜಲ್ಲಿಯ ಸಂದುಗಳಲ್ಲಿಯೇ ಕೂರುತ್ತದೆ. ಟ್ರೌಟ್ ಮತ್ತು ಸಾಲ್ಮನ್ ಮೀನುಗಳು ಮೊಟ್ಟೆಯಿಡುವುದು ಆ ಸಂದುಗಳಲ್ಲಿಯೇ. ಹೂಳು ಮುಚ್ಚಿದರೆ ಮೊಟ್ಟೆಗೆ ಪ್ರಾಣವಾಯು ದೊರೆಯದು. ಹೊಲಗಳಿಂದ ಹರಿದುಬಂದ ರಂಜಕವೂ ಈ ನುಣುಪು ಮಣ್ಣಿಗೆ ಅಂಟಿಕೊಂಡಿರುತ್ತದೆ. ಮಣ್ಣು ಕದಡಿದಾಗಲೆಲ್ಲ ಅದೂ ನೀರಿನಲ್ಲಿ ಎದ್ದು ಬರುತ್ತದೆ.

ಹೀಗಿರುವಾಗ ಹಿಡಿದು ತಿಂದುಬಿಟ್ಟರಾಯಿತಲ್ಲ ಎನ್ನುವವರು ಇಂಗ್ಲೆಂಡಿನಲ್ಲಿಯೂ ಇದ್ದಾರೆ. ಪರವಾನಗಿ ಪಡೆದು ಬೋನಿಟ್ಟು ಹಿಡಿಯುವುದೂ ನಡೆದಿದೆ. ಇದಕ್ಕೆ ಉತ್ತರವನ್ನು ಯಾರ್ಕ್‌ಷೈರಿನ ಬುಕಿಲ್ ಗಿಲ್ ಎಂಬ ಹಳ್ಳದಲ್ಲಿ ಕಂಡುಕೊಂಡರು. ಹಳ್ಳಕ್ಕೆ ಅಡ್ಡಕಟ್ಟೆ ಹಾಕಿ, ನೀರನ್ನು ಪಂಪಿನಿಂದ ಮೂರು ಸಲ ಪೂರ್ತಿ ಬತ್ತಿಸಿ, ಸಿಕ್ಕಷ್ಟನ್ನೂ ಎಣಿಸಿದರು. ಹೆಚ್ಚು ದಟ್ಟವಾಗಿದ್ದ ಕಡೆ ಒಂದು ಚದರ ಮೀಟರಿನಲ್ಲಿ 110 ಪ್ರಾಣಿಗಳಿದ್ದವು. ಅವುಗಳ ಪೈಕಿ ಬೋನಿಗೆ ಬೀಳುವಷ್ಟು ದೊಡ್ಡವು ನೂರಕ್ಕೆ 2.3 ಮಾತ್ರ! ಉಳಿದವೆಲ್ಲ ಮರಿಗಳು. ದೊಡ್ಡವನ್ನು ಹಿಡಿದರೆ ಆದೀತೆಂದರೆ ಅದಕ್ಕೂ ತೊಡಕಿದೆ. ದೊಡ್ಡವು ಮರಿಗಳನ್ನು ತಿನ್ನುತ್ತವೆ, ಅವು ಹೋದರೆ ಬದುಕುಳಿಯುವ ಮರಿಗಳು ಹೆಚ್ಚುತ್ತವೆ.

ಇಂಗ್ಲೆಂಡು ಇಂಥ ಹೋರಾಟವೊಂದನ್ನು ಹಿಂದೆ ಗೆದ್ದಿತ್ತು. ತುಪ್ಪಳಕ್ಕೆಂದು 1929ರಲ್ಲಿ ತಂದು ಸಾಕಿದ ದಕ್ಷಿಣ ಅಮೆರಿಕದ ಕೋಯ್ಪು ಎಂಬ ಹೆಗ್ಗಣದಂಥ ದೊಡ್ಡ ಪ್ರಾಣಿ ತಪ್ಪಿಸಿಕೊಂಡು, ನಾರ್ಫಕ್ ಪ್ರಾಂತದ ಹೊಳೆದಂಡೆಗಳನ್ನು ಕೊರೆದು ಹಾಳುಗೆಡವಿತು. 1981ರಲ್ಲಿ ಬೋನುಗಾರರ ತಂಡವೊಂದನ್ನು ನೇಮಿಸಿ, ಬೇಗ ಮುಗಿಸಿದರೆ ಬಹುಮಾನವೆಂದು ಗೊತ್ತುಮಾಡಿ, 1989ರ ಹೊತ್ತಿಗೆ ಅದನ್ನು ನಾಡಿನಿಂದಲೇ ಇಲ್ಲವಾಗಿಸಿದರು. ಕೋಯ್ಪು ಕಣ್ಣಿಗೆ ಕಾಣುವಂಥದು, ಹೆಜ್ಜೆಯ ಗುರುತು ಬಿಡುವಂಥದು. ನೀರಿನಡಿಯ ಬಿಲದಲ್ಲಿ ಉಗುರಿನಷ್ಟು ಮರಿಯಾಗಿರುವ ಕ್ರೇಫಿಶ್ ಹಾಗಲ್ಲ. ಪ್ರತ್ಯೇಕವಾದ ಕೊಳವಾದರೆ ಕೀಟನಾಶಕ ಹಾಕಿಯಾದರೂ ತೊಲಗಿಸಬಹುದು. ಹರಿಯುವ ಹೊಳೆಗೆ ವಿಷ ಹಾಕುವವರಾರು?

ಇಷ್ಟರ ನಡುವೆ ಬ್ರಿಟನ್ನಿಗೆ ಸ್ವಂತದ್ದೇ ಆದ ಕ್ರೇಫಿಶ್ ಒಂದಿದೆ. ಬಿಳಿಯ ಇಕ್ಕಳದ, ಚಿಕ್ಕ ಗಾತ್ರದ, ಸಾಧುವಾದ ಪ್ರಾಣಿ. ಅಮೆರಿಕದ ಅತಿಥಿ ತಾನು ಸಾಯದೆ ಹೊತ್ತು ತಂದ ಅದೇ ಪಿಡುಗು ಇದನ್ನು ಹೊಳೆಹೊಳೆಯಾಗಿ ಕೊಂದಿತು. ಉಳಿದವುಗಳಲ್ಲಿ ಕೆಲವನ್ನು ಕೈಯಿಂದ ಹಿಡಿದು, ರೋಗವಿಲ್ಲವೆಂದು ಪರೀಕ್ಷಿಸಿ, ಯಾವ ಹೊಳೆಯ ಸಂಪರ್ಕವೂ ಇಲ್ಲದ ಹಳೆಯ ಕಲ್ಲುಗಣಿಗಳ ನೀರಿನ ಹೊಂಡಗಳಲ್ಲಿ ಬಿಡಲಾಗುತ್ತಿದೆ.