ಹಳೇ ಗೇಮ್‌ಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ಮಾತನ್ನು ತಿದ್ದಲಾಗಿದೆ.)

ಇವತ್ತಿನ ವಿಷಯ, ಹಳೇ ವಿಡಿಯೋ ಗೇಮ್‌ಗಳಿಗೆ ನಾವು ಕೊಡೋ ರೇಟಿಂಗ್.

ಹಳೇ ಗೇಮ್ ಆಡೋರು ಸೇರೋ ಕಡೆ ಒಂದು ಜಗಳ ಇದ್ದೇ ಇರುತ್ತೆ. ಒಬ್ಬರು ‘ಕಾಂಟ್ರಾ’ಗೆ ಹತ್ತಕ್ಕೆ ಹತ್ತು ಕೊಟ್ಟಿರ್ತಾರೆ. ಕಾಲೇಜು ಓದೋ ಹುಡುಗ ಒಬ್ಬ ಅದನ್ನೇ ಮೊದಲ ಸಲ ಮೊಬೈಲ್‌ನಲ್ಲಿ ಆಡಿ ನಾಲ್ಕು ಕೊಟ್ಟಿರ್ತಾನೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ಮಧ್ಯದಲ್ಲಿರೋ ಆರು ಅಂಕ ಎಲ್ಲಿಂದ ಬಂತು?

ನನಗನ್ನಿಸೋದು ಇಷ್ಟು. ಹಳೇ ಗೇಮ್‌ಗೆ ಅಂಕ ಕೊಡುವಾಗ ನಾವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಒಂದೇ ಉತ್ತರ ಬರೀತೀವಿ. ಬಂದ ಕಾಲಕ್ಕೆ ಆ ಗೇಮ್ ಎಷ್ಟು ದೊಡ್ಡದು? ಇವತ್ತು ಹೊಸದಾಗಿ ಆಡೋರಿಗೆ ಅದು ಹೇಗಿದೆ? ನನಗೆ ಅದರ ಮೇಲೆ ಎಷ್ಟು ಪ್ರೀತಿ? ನಾನು ಓದಿದ್ದು ಬಿಕಾಂ. ಒಂದು ಆಸ್ತಿಯನ್ನ ಕೊಂಡ ಬೆಲೆ, ಅದರ ಇವತ್ತಿನ ಮಾರುಕಟ್ಟೆ ಬೆಲೆ, ಜೊತೆಗೆ ಗುಡ್‌ವಿಲ್, ಮೂರನ್ನೂ ಕೂಡಿಸಿ ಬ್ಯಾಲೆನ್ಸ್ ಶೀಟ್‌ನಲ್ಲಿ ಒಂದೇ ಸಾಲಾಗಿ ಬರೆದ್ರೆ ಯಾವ ಮೇಷ್ಟ್ರೂ ಒಪ್ಪಲ್ಲ. ರೇಟಿಂಗ್‌ನಲ್ಲಿ ಮಾತ್ರ ಎಲ್ಲರೂ ಒಪ್ಪಿಬಿಡ್ತೀವಿ.

99 ಅಂದ್ರೆ ಯಾವುದಕ್ಕೆ?

ಒಂದು ದೊಡ್ಡ ಉದಾಹರಣೆ ತಗೊಳ್ಳೋಣ. ‘ದಿ ಲೆಜೆಂಡ್ ಆಫ್ ಜೆಲ್ಡಾ: ಆಕರೀನಾ ಆಫ್ ಟೈಮ್’. 1998ರಲ್ಲಿ ನಿಂಟೆಂಡೊ 64ಕ್ಕೆ ಬಂದ ಗೇಮ್. ಜಪಾನಿನ ‘ಫಾಮಿತ್ಸು’ ಪತ್ರಿಕೆಯಲ್ಲಿ ನಾಲ್ಕು ಜನ ವಿಮರ್ಶಕರು ತಲಾ ಹತ್ತಕ್ಕೆ ಅಂಕ ಕೊಟ್ಟು, ಅದನ್ನ ಕೂಡಿಸಿ ನಲವತ್ತಕ್ಕೆ ಇಷ್ಟು ಅಂತ ಹಾಕೋ ಪದ್ಧತಿ ಇದೆ. ಅಲ್ಲಿ ಮೊದಲ ಸಲ ನಲವತ್ತಕ್ಕೆ ನಲವತ್ತು ತಗೊಂಡಿದ್ದು ಈ ಗೇಮ್. ಮೆಟಾಕ್ರಿಟಿಕ್‌ನಲ್ಲಿ ಇದರ ಅಂಕ ನೂರಕ್ಕೆ 99.

ಆ ಕಾಲಕ್ಕೆ ಈ ಅಂಕ ನ್ಯಾಯವೇ. ಮೂರು ಆಯಾಮದ ಜಾಗದಲ್ಲಿ ಕತ್ತಿ ಬೀಸಿದ್ರೆ ಅದು ಶತ್ರುಗೆ ತಾಗೋ ಹಾಗೆ ಮಾಡೋದೇ ಆಗ ತಲೆನೋವು. ಒಂದು ಬಟನ್ ಒತ್ತಿ ಶತ್ರುವನ್ನ ಗುರಿ ಹಿಡಿದು, ಅವನ ಸುತ್ತಲೇ ತಿರುಗುತ್ತಾ ಹೊಡೆಯೋ ವ್ಯವಸ್ಥೆ ಈ ಗೇಮ್‌ನಲ್ಲಿತ್ತು. ಇವತ್ತು ನೀವು ಆಡೋ ಎಷ್ಟೋ ಆ್ಯಕ್ಷನ್ ಗೇಮ್‌ಗಳಲ್ಲಿ ಅದೇ ಉಪಾಯ ಇದೆ.

ಆದ್ರೆ ಮೂಲ ಗೇಮ್ ಓಡ್ತಿದ್ದಿದ್ದು ಸೆಕೆಂಡಿಗೆ ಸುಮಾರು 20 ಫ್ರೇಮ್‌ನಲ್ಲಿ. ಇವತ್ತಿನ 60 ಫ್ರೇಮ್ ನೋಡಿ ಅಭ್ಯಾಸ ಆದ ಕಣ್ಣಿಗೆ ಅದು ಎಳೆದ ಹಾಗೆ ಕಾಣುತ್ತೆ. ಅದರಲ್ಲಿ ವಾಟರ್ ಟೆಂಪಲ್ ಅನ್ನೋ ಒಂದು ಹಂತ ಇದೆ. ನೀರಲ್ಲಿ ಮುಳುಗೋಕೆ ಕಬ್ಬಿಣದ ಬೂಟು ಹಾಕ್ಬೇಕು, ತೇಲೋಕೆ ತೆಗೀಬೇಕು. ಪ್ರತಿ ಸಲವೂ ಗೇಮ್ ನಿಲ್ಲಿಸಿ, ಮೆನುಗೆ ಹೋಗಿ, ಬೂಟು ಬದಲಾಯಿಸಿ, ವಾಪಸ್ ಬರ್ಬೇಕು. 2011ರಲ್ಲಿ ನಿಂಟೆಂಡೊ 3ಡಿಎಸ್‌ಗೆ ಬಂದ ಹೊಸ ರೂಪದಲ್ಲಿ ಬೂಟನ್ನ ಒಂದು ಬಟನ್‌ಗೇ ಇಟ್ಕೊಳ್ಳಬಹುದು, ಫ್ರೇಮ್ 30ಕ್ಕೆ ಏರಿತು. ಕಥೆ ಅದೇ, ನಕ್ಷೆ ಅದೇ, ಆಡೋ ಅನುಭವ ಮಾತ್ರ ಬೇರೆ. ಹಾಗಾಗಿ 99 ಅಂದಾಗ ಅದು ಯಾವ ಗೇಮ್‌ಗೆ, ಯಾವ ವರ್ಷದಲ್ಲಿ ಕೊಟ್ಟಿದ್ದು ಅಂತ ಕೇಳಲೇಬೇಕು.

ನೀವು ಆಡಿದ್ದು ಯಾವ ಕಾಂಟ್ರಾ?

ಈಗ ನಮ್ಮ ಊರಿನ ಕಡೆ ಬರೋಣ. ನಮ್ಮಲ್ಲಿ ಬಹಳಷ್ಟು ಜನ ಬಾಲ್ಯದಲ್ಲಿ ಆಡಿದ್ದು ನಿಂಟೆಂಡೊದ ಅಸಲಿ ಯಂತ್ರದಲ್ಲಲ್ಲ. ಅದರ ನಕಲು, ಟಿವಿಗೆ ಸಿಕ್ಕಿಸೋ ವಿಡಿಯೋ ಗೇಮ್. ಜೊತೆಗೆ ಬರ್ತಿದ್ದ ಕ್ಯಾಸೆಟ್ ಮೇಲೆ ಲಕ್ಷಗಟ್ಟಲೆ ಗೇಮ್ ಇದೆ ಅಂತ ಬರೆದಿರ್ತಿದ್ರು, ಒಳಗೆ ಹತ್ತಿಪ್ಪತ್ತು ಗೇಮೇ ತಿರುಗಿ ತಿರುಗಿ ಬರ್ತಿತ್ತು.

ಕಾಂಟ್ರಾ 1987ರಲ್ಲಿ ಕೊನಾಮಿ ಕಂಪನಿಯ ಆರ್ಕೇಡ್ ಗೇಮ್ ಆಗಿ ಬಂತು, ಮನೆ ಯಂತ್ರಕ್ಕೆ ಬಂದಿದ್ದು 1988ರಲ್ಲಿ. ಜಪಾನಿನ ಕ್ಯಾಸೆಟ್‌ನಲ್ಲಿ ಹಂತಗಳ ನಡುವೆ ಕಥೆ ಹೇಳೋ ದೃಶ್ಯಗಳಿವೆ, ಅಮೆರಿಕದ್ದರಲ್ಲಿ ಇಲ್ಲ. ಯುರೋಪಿನಲ್ಲಿ ಹೆಸರೇ ಬದಲಾಯ್ತು. ಅಲ್ಲಿ ಅದು ‘ಪ್ರೊಬೊಟೆಕ್ಟರ್’, ಸೈನಿಕರ ಜಾಗದಲ್ಲಿ ರೋಬೋಟ್‌ಗಳು. ಇನ್ನೊಂದು ಮುಖ್ಯವಾದ ವಿಷಯ, ಲೈಫ್. ಮಾಮೂಲಾಗಿ ಆಡಿದ್ರೆ ಸಿಗೋದು ಮೂರು. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿ ಶುರು ಮಾಡಿದ್ರೆ ಮೂವತ್ತು. ಇವತ್ತು ಎಮ್ಯುಲೇಟರ್‌ನಲ್ಲಿ ಆಡೋರು ಬೇಕಾದ ಕಡೆ ಸೇವ್ ಮಾಡ್ಕೊಂಡು, ಸತ್ತ ಕೂಡಲೇ ಅಲ್ಲಿಂದಲೇ ಶುರು ಮಾಡ್ತಾರೆ.

ಮೂರು ಲೈಫ್‌ನಲ್ಲಿ ಆಡೋನಿಗೆ ಪ್ರತಿ ಗುಂಡೂ ಭಯ. ಸೇವ್ ಮಾಡ್ಕೊಂಡು ಆಡೋನಿಗೆ ಅದು ಅರ್ಧ ಗಂಟೆಯ ಓಟ. ಆ ಹುಡುಗ ನಾಲ್ಕು ಕೊಟ್ಟಿದ್ದು ಈ ಎರಡನೇ ಗೇಮ್‌ಗೆ. ಅದೂ ಬಟನ್ ಇಲ್ಲದ ಗಾಜಿನ ಪರದೆ ಮೇಲೆ, ಪಕ್ಕದಲ್ಲಿ ಇನ್ನೊಂದು ರಿಮೋಟ್ ಹಿಡಿದು ಕೂತ ಅಣ್ಣ ಇಲ್ಲದೆ.

ಕೈಪಿಡಿ ಓದದೆ ಕೊಟ್ಟ ಸೊನ್ನೆ

ಇದರ ತಿರುಗುಮುರುಗು ಕಥೆಯೂ ಇದೆ. ಅಟಾರಿ 2600ಕ್ಕೆ 1982ರಲ್ಲಿ ಬಂದ ‘ಇ.ಟಿ.’ ಅಂದ್ರೆ ಇತಿಹಾಸದ ಅತಿ ಕೆಟ್ಟ ಗೇಮ್ ಅನ್ನೋ ಹಣೆಪಟ್ಟಿ. ಸ್ಪೀಲ್‌ಬರ್ಗ್ ಸಿನಿಮಾ ಆಧರಿಸಿದ ಗೇಮ್, ಕ್ರಿಸ್‌ಮಸ್ ವ್ಯಾಪಾರಕ್ಕೆ ಸಿಗಲೇಬೇಕು ಅಂತ ಹೋವರ್ಡ್ ಸ್ಕಾಟ್ ವಾರ್ಶಾ ಅವರಿಗೆ ಸಿಕ್ಕಿದ್ದು ಸುಮಾರು ಐದು ವಾರ. ಮಾರಾಟವಾಗದೆ ಉಳಿದ ಕ್ಯಾಸೆಟ್‌ಗಳನ್ನ ನ್ಯೂ ಮೆಕ್ಸಿಕೊದ ಅಲಮಗೋರ್ಡೊದಲ್ಲಿ ಕಸದ ಗುಂಡಿಗೆ ಹಾಕಿದ್ರು, 2014ರಲ್ಲಿ ಅಗೆದಾಗ ಸಿಕ್ಕವು.

ಗೇಮ್‌ನಲ್ಲಿ ತೊಂದರೆ ಇರೋದು ನಿಜ. ಇ.ಟಿ.ಯ ದೇಹದ ಯಾವ ಭಾಗ ಗುಂಡಿಯ ಅಂಚಿಗೆ ತಾಗಿದ್ರೂ ಒಳಗೆ ಬೀಳ್ತಾನೆ. ಕಷ್ಟಪಟ್ಟು ಹತ್ತಿ ಬಂದ್ರೆ ಮತ್ತೆ ಅಲ್ಲೇ ಬೀಳಬಹುದು. ಆದ್ರೆ ಹೊರಗೆ ಬರೋದು ಹೇಗೆ, ಪರದೆ ಮೇಲೆ ಕಾಣೋ ಚಿಹ್ನೆಗಳ ಅರ್ಥ ಏನು, ಇದೆಲ್ಲ ಕಾಗದದ ಕೈಪಿಡಿಯಲ್ಲಿತ್ತು. ಆ ಕಾಲದ ಪುಟ್ಟ ಕ್ಯಾಸೆಟ್‌ನಲ್ಲಿ ವಿವರಣೆ ಬರೆಯೋಕೆ ಜಾಗವೇ ಇರ್ಲಿಲ್ಲ. ಇವತ್ತು ಕೈಪಿಡಿ ನೋಡದೆ ಐದು ನಿಮಿಷ ಆಡಿ ಸೊನ್ನೆ ಕೊಡೋರು, ಅರ್ಧ ಗೇಮ್‌ಗೆ ಅಂಕ ಕೊಟ್ಟ ಹಾಗೆ. ಓದಿ ಆಡಿದ್ಮೇಲೂ ಕಡಿಮೆ ಕೊಡಿ, ತೊಂದರೆ ಇಲ್ಲ. ಆಗ ಅದಕ್ಕೊಂದು ಬೆಲೆ ಇರುತ್ತೆ.

ಸರಾಸರಿಯ ಲೆಕ್ಕ

ಈಗ ಸ್ವಲ್ಪ ಲೆಕ್ಕ. ಹೆದರ್ಬೇಡಿ, ಸುಲಭವಾಗಿದೆ.

ಒಂದು ಗೇಮ್‌ಗೆ ಮೂರೇ ಜನ ವೋಟ್ ಹಾಕಿದ್ದಾರೆ, ಮೂವರೂ 10 ಕೊಟ್ಟಿದ್ದಾರೆ. ಇನ್ನೊಂದಕ್ಕೆ 400 ಜನ ಹಾಕಿದ್ದಾರೆ, ಸರಾಸರಿ 8.7. ಬರೀ ಸರಾಸರಿ ನೋಡಿದ್ರೆ ಮೂರು ವೋಟಿನ ಗೇಮ್ ನಂಬರ್ ಒನ್. ಇದನ್ನ ತಪ್ಪಿಸೋಕೆ ಪ್ರತಿ ಗೇಮ್‌ಗೂ ಒಂದಷ್ಟು ಕಾಲ್ಪನಿಕ ವೋಟು ಸೇರಿಸ್ತಾರೆ. ಉದಾಹರಣೆಗೆ 30 ವೋಟು, ಪ್ರತಿಯೊಂದೂ 7. ಆಗ ಮೊದಲನೆಯದು 7.27ಕ್ಕೆ ಇಳಿಯುತ್ತೆ, ಎರಡನೆಯದು 8.58ರಲ್ಲಿ ನಿಲ್ಲುತ್ತೆ. ಇದಕ್ಕೆ ಬೇಯೀಸಿಯನ್ ಸರಾಸರಿ ಅಂತಾರೆ. ಟಾಪ್ ನೂರು ಅಂತ ಪಟ್ಟಿ ಮಾಡೋಕೆ ಒಳ್ಳೇ ಉಪಾಯ.

ಇದಕ್ಕೂ ಒಂದು ಬೆಲೆ ತೆರಬೇಕು. ಕಡಿಮೆ ಜನ ಆಡಿದ ಗೇಮ್ ಎಷ್ಟೇ ಚೆನ್ನಾಗಿದ್ರೂ 7ರ ಸುತ್ತಲೇ ಸಿಕ್ಕಿಹಾಕ್ಕೊಳ್ಳುತ್ತೆ. ಪಟ್ಟಿ ನೋಡಿ ಗೇಮ್ ಆರಿಸೋರು ಅಲ್ಲಿವರೆಗೆ ಹೋಗಲ್ಲ. ಯಾರೂ ಆಡಲ್ಲ, ಹಾಗಾಗಿ ವೋಟು ಬರಲ್ಲ, ಅದಕ್ಕೇ ಮೇಲೆ ಬರಲ್ಲ. ಇನ್ನೊಂದು ಕಡೆ, ಮೂವತ್ತು ವರ್ಷದ ಹಿಂದಿನ ಗೇಮ್ ಹುಡುಕಿಕೊಂಡು ಬಂದು ಅಂಕ ಕೊಡೋರಲ್ಲಿ ಹೆಚ್ಚಿನವರು ಅದನ್ನ ಮೊದಲೇ ಪ್ರೀತಿಸಿದವರು. ಇಷ್ಟ ಆಗದವರು ಯಾವತ್ತೋ ಮರೆತು ಹೋಗಿದ್ದಾರೆ. ಹಳೇ ಗೇಮ್‌ಗಳೆಲ್ಲ ಚೆನ್ನಾಗಿದ್ವು ಅನ್ನೋ ಭಾವನೆಗೆ ಇದೂ ಒಂದು ಕಾರಣ.

ಒಂದು ಅಂಕದ ಬೆಲೆ

ಅಂಕ ತಾನೇ, ಹೋದ್ರೆ ಹೋಗ್ಲಿ ಅನ್ನಬಹುದು. 2010ರಲ್ಲಿ ‘ಫಾಲ್‌ಔಟ್: ನ್ಯೂ ವೆಗಾಸ್’ ಬಂತು. ಅದನ್ನ ಮಾಡಿದ ಅಬ್ಸಿಡಿಯನ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಕ್ರಿಸ್ ಅವೆಲೋನ್ 2012ರಲ್ಲಿ ಒಂದು ವಿಷಯ ಬಹಿರಂಗವಾಗಿ ಹೇಳಿದ್ರು. ಮೆಟಾಕ್ರಿಟಿಕ್‌ನಲ್ಲಿ 85 ಬಂದ್ರೆ ಮಾತ್ರ ಬೋನಸ್ ಅನ್ನೋ ಒಪ್ಪಂದ ಇತ್ತು. ಬಂದಿದ್ದು 84. ಬಿಡುಗಡೆ ಹೊತ್ತಲ್ಲಿ ಗೇಮ್ ತುಂಬಾ ಬಗ್‌ಗಳಿಂದ ನರಳ್ತಿತ್ತು, ವಿಮರ್ಶಕರು ಅದನ್ನ ಹೇಳಿದ್ದು ಸರಿಯೇ. ಇವತ್ತು ಅದೇ ಗೇಮ್ ತನ್ನ ಸರಣಿಯಲ್ಲೇ ಅತ್ಯುತ್ತಮ ಅನ್ನೋ ಅಭಿಮಾನಿಗಳು ಸಿಕ್ಕಾಪಟ್ಟೆ ಇದ್ದಾರೆ. 84 ಮಾತ್ರ ಅಲ್ಲೇ ಇದೆ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಮೆರಿಕದಲ್ಲಿ 2010ಕ್ಕೆ ಮೊದಲು ಬಿಡುಗಡೆಯಾದ ಗೇಮ್‌ಗಳಲ್ಲಿ 87% ಇವತ್ತು ಮಾರುಕಟ್ಟೆಯಲ್ಲಿ ಕೊಳ್ಳೋಕೆ ಸಿಗಲ್ಲ. ಮತ್ತೆ ಬರೋದು ಹೆಚ್ಚಾಗಿ ಈಗಾಗಲೇ ಹೆಸರಿರೋ ಗೇಮ್‌ಗಳೇ. ಉಳಿದ ಎಷ್ಟೋ ಗೇಮ್‌ಗಳ ಬಗ್ಗೆ ಮುಂದಿನವರಿಗೆ ಸಿಗೋದು ಯಾರೋ ಆಡಿದವರು ಬರೆದಿಟ್ಟ ನಾಲ್ಕು ಸಾಲು ಮಾತ್ರ. ಆ ನಾಲ್ಕು ಸಾಲಿನಲ್ಲಿ ‘ಸೂಪರ್, 9/10’ ಅಂತ ಇದ್ರೆ ಅವರಿಗೆ ಏನು ಗೊತ್ತಾಗುತ್ತೆ ಹೇಳಿ?

ಹಾಗಾಗಿ ಮುಂದಿನ ಸಲ ಹಳೇ ಗೇಮ್ ಬಗ್ಗೆ ಬರೆಯುವಾಗ ನಾಲ್ಕು ವಿಷಯ ಸೇರಿಸಿ. ಯಾವ ಯಂತ್ರದಲ್ಲಿ, ಯಾವ ಆವೃತ್ತಿ ಆಡಿದ್ರಿ. ಎಲ್ಲಿವರೆಗೆ ಆಡಿದ್ರಿ, ಸೇವ್ ಅಥವಾ ಚೀಟ್ ಬಳಸಿದ್ರಾ. ಚಿಕ್ಕಂದಿನಲ್ಲಿ ಆಡಿದ್ದಾ, ಈಗ ಮೊದಲ ಸಲವಾ. ಇವತ್ತು ಹೊಸಬರಿಗೆ ಎಲ್ಲಿ ಕಷ್ಟ ಆಗುತ್ತೆ, ಎಲ್ಲಿ ಖುಷಿ ಸಿಗುತ್ತೆ. ಇಷ್ಟು ಬರೆದ ಮೇಲೆ ಹತ್ತೇ ಕೊಡಿ, ನಾಲ್ಕೇ ಕೊಡಿ. ಓದೋರಿಗೆ ಆ ಅಂಕ ಅರ್ಥ ಆಗುತ್ತೆ.

ಒಂದು ಪುಟ್ಟ ಕೆಲಸ ಕೊಟ್ಟು ಮುಗಿಸ್ತೀನಿ. ಈ ವಾರ ಯಾವುದಾದ್ರೂ ಪಟ್ಟಿಯಲ್ಲಿ ಹತ್ತಕ್ಕಿಂತ ಕಡಿಮೆ ವೋಟು ಇರೋ ಒಂದು ಹಳೇ ಗೇಮ್ ಹುಡುಕಿ, ಆಡಿ, ನಾಲ್ಕು ಸಾಲು ಬರೀರಿ. ಕನ್ನಡದಲ್ಲಿ ಬರೆದ್ರೆ ಇನ್ನೂ ಸಂತೋಷ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.