ಆಯ್ಕೆಯೋ, ಅನುಕ್ರಮವೋ?

ಜೀಡಿಮೆಟ್ಲಾದ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಪರೀಕ್ಷೆಗೆ ಓದುವ ನಮ್ಮ ತರುಣರು ಕ್ರಮಯೋಜನೆ, ವಿಕಲ್ಪಗಳೆಂದೊಡನೆ ಎದೆಗುಂದುವುದುಂಟು. ಅಂಜಬೇಕಾಗಿಲ್ಲ, ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮಳಖೇಡದ ರಾಷ್ಟ್ರಕೂಟ ಅರಸು ಅಮೋಘವರ್ಷನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ವಿಕಲ್ಪಗಳ ಸಾಮಾನ್ಯ ಸೂತ್ರವನ್ನೇ ಹೇಳಿದನು. ಅವನ ಉದಾಹರಣೆಯೊಂದು ಅಡಿಗೆಮನೆಗೆ ಸಲ್ಲುವಂಥದು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರುಗಳ ಭೇದಗಳೆಷ್ಟು?

ಎರಡೆರಡಾಗಿ ಬೆರೆಸಿದರೆ 15. ಒಂದೊಂದರಿಂದ ಹಿಡಿದು ಆರೂ ಕೂಡುವವರೆಗೆ ಎಣಿಸಿದರೆ 63. ಹುಳಿಗೆ ಉಪ್ಪು ಬೆರೆತರೂ ಉಪ್ಪಿಗೆ ಹುಳಿ ಬೆರೆತರೂ ಜೋಡಿ ಒಂದೇ, ಇದು ವಿಕಲ್ಪ. ಆದರೆ ಆರು ಮಂದಿಯಲ್ಲಿ ಒಬ್ಬನನ್ನು ಗಲ್ಲಾಪೆಟ್ಟಿಗೆಯ ಬಳಿ, ಇನ್ನೊಬ್ಬನನ್ನು ಒಲೆಯ ಬಳಿ ನಿಲ್ಲಿಸುವ ಬಗೆಗಳು 6×5, ಅಂದರೆ 30. ಅದಲುಬದಲಾದರೆ ಏರ್ಪಾಡೇ ಬೇರೆ, ಇದು ಕ್ರಮಯೋಜನೆ.

ಸೂತ್ರ ಬರೆಯುವ ಮುನ್ನ ಇದೊಂದನ್ನು ಕೇಳಿಕೊಳ್ಳಿರೆಂದು ನಮ್ಮ ಬಿನ್ನಹ: ಅದಲುಬದಲಾದರೆ ಫಲ ಬೇರೆಯಾಗುವುದೇ?